ಮರದ ಕೋಟೆಯ ಬಾಗಿಲಲ್ಲಿ

ಜರ್ಮನಿಯಲ್ಲಿ ನಾನು ಧೈರ್ಯವಾಗಿ ಆಡಿದ ಮೊದಲ ಜರ್ಮನ್ ವಾಕ್ಯವೇ ತಪ್ಪು. ಫೊಯರ್‌ಬಾಕ್‌ನ ನಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಕೆಳಮನೆಯ ಮುದುಕ ಸಿಕ್ಕಿ, ಎಲ್ಲಿಯವಳು ಅಂತ ಕೇಳಿದ. ಇಟಲಿಯವಳು ಇಟಾಲಿಯೇನರಿನ್, ಅಮೆರಿಕದವಳು ಅಮೆರಿಕಾನರಿನ್ ಅಂತ ಕ್ಲಾಸಿನಲ್ಲಿ ಕಲಿಸಿದ್ದರು. ಹಾಗಾದರೆ ನಾನು ಎಂತ? "ಇಷ್ ಬಿನ್ ಇಂಡಿಯಾನರಿನ್" ಅಂದೆ. ಮುದುಕನ ಮುಖ ಅರಳಿತು. ಅವನು ಮತ್ತೆ ಕೇಳಿದ ಪ್ರಶ್ನೆಯ ಒಂದು ಶಬ್ದ ತಿಳಿಯದೆ ಫೋನಿನಲ್ಲಿ ಹುಡುಕಿದರೆ, ಅರ್ಥ 'ಕುಲ' ಅಂತ ಬಂತು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದೂರ ಬಂದರೂ ಜಾತಿ ಕೇಳುವವರು ತಪ್ಪಲಿಲ್ಲವಲ್ಲ ಮಾರಾಯ್ರೆ! "ಉಡುಪಿ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಮೇಲೆ ಹತ್ತಿಬಿಟ್ಟೆ.

ಎರಡು ದಿನ ಬಿಟ್ಟು ಅವನೇ ಬಾಗಿಲು ತಟ್ಟಿದ. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಉಡುಪಿ ಎಂಬ ಬುಡಕಟ್ಟು ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ ಪಾಪ ಬೇಜಾರಿನಲ್ಲಿದ್ದ. ನಮ್ಮ ದೇಶದವಳು 'ಇಂಡರಿನ್'. 'ಇಂಡಿಯಾನರಿನ್' ಅಂದರೆ ನಾವು ಶಾಲೆಯಲ್ಲಿ ಕೆಂಪು ಇಂಡಿಯನ್ನರು ಅಂತ ಓದುತ್ತಿದ್ದ ಜನರ ಹೆಂಗಸು. ವಿಷಯ ಗೊತ್ತಾದ ಮೇಲೆ ಇಬ್ಬರೂ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುದುಕ ಕಾರ್ಖಾನೆಯಿಂದ ರಿಟೈರ್ ಆದವನು. ಶನಿವಾರ ಬಂತೆಂದರೆ ತೊಗಲಿನ ಅಂಗಿ ಹಾಕಿ ಇನ್ನೂರು ವರ್ಷ ಹಿಂದಿನ ತುಪ್ಪಳದ ವ್ಯಾಪಾರಿಯಾಗುತ್ತಿದ್ದ. ಅವನ ಕ್ಲಬ್ಬಿನವರು ಊರ ಹೊರಗೆ, ಕೆರೆಯ ದಂಡೆಯಲ್ಲಿ, ಅಮೆರಿಕದ ಹುಲ್ಲುಗಾವಲಿನ ಕೋಟೆಯೊಂದರ ನಕಲು ಕಟ್ಟಿದ್ದರು. ಕೋಟೆ ಅಂದರೆ ಕಲ್ಲಿನದ್ದಲ್ಲ, ಮರದ ದಿಮ್ಮಿಗಳ ಎತ್ತರದ ಬೇಲಿ. ಒಳಗೆ ಗೋದಾಮು, ಕಮ್ಮಾರಸಾಲೆ, ಹೊರಗಿನವರು ಕೈ ಚಾಚಿ ಸಾಮಾನು ತೆಗೆದುಕೊಳ್ಳುವ ಒಂದು ಕಿಂಡಿ. ನೀರುನಾಯಿಯಂಥ ಬೀವರ್ ಎಂಬ ಪ್ರಾಣಿಯ ಚರ್ಮ ಕೊಟ್ಟರೆ ಕಂಬಳಿ, ತಾಮ್ರದ ಪಾತ್ರೆ, ಮಣಿ. ಆ ಚರ್ಮ ಯುರೋಪಿಗೆ ಬಂದು ದೊರೆಗಳ ಟೋಪಿಯಾಗುತ್ತಿತ್ತಂತೆ. ಒಂದು ಟೋಪಿಗಾಗಿ ಅಷ್ಟು ದೂರ ಹೋಗಿ ಕೋಟೆ ಕಟ್ಟಿದರಲ್ಲ ಅಂದರೆ, "ನೀನು ಕಾರಿನ ಬ್ರೇಕಿಗಾಗಿ ಬರಲಿಲ್ಲವೇ?" ಅಂತ ನನ್ನನ್ನೇ ಕೇಳಿದ.

ಹೌದು, ಕಾರಿನ ಬ್ರೇಕ್ ಮಾಡುವ ಕಂಪನಿಯ ಕೆಲಸಕ್ಕೆಂದೇ ಬಂದದ್ದು. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ನನ್ನ ಹೆಸರಲ್ಲಿತ್ತು. ಇಪ್ಪತ್ತೊಂದು ತಿಂಗಳು ಕೆಲಸ ಮಾಡಿ, ಜರ್ಮನ್ ಪರೀಕ್ಷೆ ಪಾಸು ಮಾಡಿದರೆ ಇಲ್ಲೇ ನೆಲೆಸುವ ಪರವಾನಗಿ. ನಡುವೆ ಕೆಲಸ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಗಂಡನಿಗೆ ಮ್ಯೂನಿಕ್‌ನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಮಗಳಿಗೆ ಮೂರು ವರ್ಷ. ಕೀಟಾದಲ್ಲಿ, ಅಂದರೆ ಇಲ್ಲಿನ ಬಾಲವಾಡಿಯಲ್ಲಿ, ಜಾಗ ಇಲ್ಲ, ಕಾಯಿರಿ ಅಂತ ಕಾಗದ ಬರುತ್ತಿತ್ತು. ಅಮ್ಮ ಊರಿಂದ ಮೂರು ತಿಂಗಳ ವೀಸಾದಲ್ಲಿ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು. ಆಗಸ್ಟ್ ಕೊನೆಗೆ ಅವರು ಹೊರಡಬೇಕು. "ನನ್ನೊಟ್ಟಿಗೆ ಕಳಿಸು ಮಾರಾಯ್ತಿ, ಒಂದು ವರ್ಷ ಅಲ್ವಾ, ಕಣ್ಣುಮುಚ್ಚಿ ಬಿಡುವುದರೊಳಗೆ ಆಗ್ತದೆ" ಅನ್ನುತ್ತಿದ್ದರು. ಗಂಡನದ್ದೂ ಅದೇ ಮಾತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆ ದಿನಗಳಲ್ಲೇ ಮುದುಕ ನಮ್ಮನ್ನು ಕೋಟೆಗೆ ಕರೆದ. ಸತ್ತ ಪ್ರಾಣಿಗಳ ಚರ್ಮದ ನಡುವೆ ನನ್ನಿಂದಾಗದು ಅಂತ ಅಮ್ಮ ಮನೆಯಲ್ಲೇ ಉಳಿದರು. ಅಲ್ಲಿ ಪ್ಲಾಸ್ಟಿಕ್ ಗುಂಡಿಯ ಅಂಗಿ ಹಾಕುವ ಹಾಗಿಲ್ಲ, ವಾಚ್ ಕಟ್ಟುವ ಹಾಗಿಲ್ಲ. ನಾನು ಚಿತ್ರಾನ್ನ ತಂದಿದ್ದ ಸ್ಟೀಲ್ ಡಬ್ಬಿಯನ್ನೂ ಬಟ್ಟೆ ಸುತ್ತಿ ಅಡಗಿಸಿದರು. ಆಟವಾದರೂ ಶಿಸ್ತು ಕಚೇರಿಯದ್ದೇ!

ಮಧ್ಯಾಹ್ನ ನೋಡಲು ಬಂದವರಿಗೊಂದು ಪುಟ್ಟ ಪ್ರದರ್ಶನ. ಮುದುಕ ನನಗೆ ಅರ್ಥವಾಗಲಿ ಅಂತ ನಿಧಾನವಾಗಿ ಕಥೆ ಹೇಳಿದ. ವ್ಯಾಪಾರಿಗಳು ಕೆಲವು ವರ್ಷದ ಕರಾರಿನ ಮೇಲೆ ಬರುತ್ತಿದ್ದರು. ಆ ನೆಲದ ಹೆಂಗಸರನ್ನು ಆ ನೆಲದ ಪದ್ಧತಿಯಲ್ಲೇ ಮದುವೆಯಾಗುತ್ತಿದ್ದರು. ಮಕ್ಕಳು ಐದಾರು ವರ್ಷದವರಾದರೆ ದೊಡ್ಡ ವ್ಯಾಪಾರಿಗಳು ಅವರನ್ನು ಓದಲು ಅಂತ ದೋಣಿ ಹತ್ತಿಸಿ, ಕಡಲಾಚೆಯ ಅಜ್ಜಿಮನೆಗೆ ಕಳಿಸುತ್ತಿದ್ದರು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಷ್ಟೋ ಮಕ್ಕಳು ಮತ್ತೆ ಬರಲೇ ಇಲ್ಲ. "ಎಲ್ಲ ಮಕ್ಕಳ ಒಳ್ಳೆಯದಕ್ಕೇ" ಅಂದ. ಕ್ಲಬ್ಬಿನಲ್ಲಿ ಆ ತಾಯಿಯ ಪಾತ್ರ ಯಾರಿಗೂ ಬೇಡವಾಗಿತ್ತಂತೆ. ನೀನು ಸುಮ್ಮನೆ ಕಂಬಳಿ ಹೊದ್ದು ನಿಲ್ಲು, ಮಾತಿಲ್ಲ ಅಂದ. ಬೇಡ ಅನ್ನಬೇಕಿತ್ತು. ಯಾವ ಗಳಿಗೆಯಲ್ಲಿ ಹೂಂ ಅಂದೆನೋ.

ಕಂಬಳಿಗೆ ಹೊಗೆಯ ವಾಸನೆ. ನನ್ನ ಮಗಳನ್ನೇ ಎತ್ತಿ ದೋಣಿಯಲ್ಲಿ ಕೂರಿಸಿದರು, ಪಕ್ಕದಲ್ಲಿ ಅವಳಪ್ಪ. ಅವಳಿಗೆ ಖುಷಿಯೋ ಖುಷಿ. ಹುಟ್ಟು ನೀರಿಗೆ ಬಿತ್ತು, ದೋಣಿ ದಂಡೆ ಬಿಟ್ಟಿತು. ಆಗ ನನ್ನ ಎಡಗಡೆ ಯಾರೋ ಬಂದು ನಿಂತರು. ತಿರುಗಿದೆ, ಯಾರೂ ಇಲ್ಲ. ಮತ್ತೆ ಕೆರೆಯ ಕಡೆ ನೋಡಿದರೆ ಉಸಿರಾಡುವ ಸದ್ದು, ನನ್ನದಲ್ಲ. ಆಣೆ ಇಟ್ಟು ಹೇಳುತ್ತೇನೆ, ನನ್ನ ಮೊಣಕೈಯನ್ನು ಒಂದು ತಣ್ಣನೆಯ ಕೈ ಹಿಡಿಯಿತು. ಬಿಸಿಲಿನಲ್ಲಿ ಮೈಯೆಲ್ಲ ಮುಳ್ಳೆದ್ದಿತು. "ಪುಟ್ಟಾ, ಬಾ, ಇಳಿ, ಹೋಗ್ಬೇಡ!" ಅಂತ ಕಿರುಚಿದೆ. ಆ ದನಿಯೂ ನನ್ನದಾಗಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗಂಡನಿಗೆ ಹೇಳಿದೆ. "ಬಿಸಿಲು ತಲೆಗೇರಿದೆ ನಿಂಗೆ" ಅಂದ. ಆ ವಾರವೇ ಕೀಟಾದಿಂದ ಮತ್ತೊಂದು ಕಾಗದ ಬಂತು, ಮುಂದಿನ ವರ್ಷ ನೋಡೋಣ ಅಂತ. ಮಗಳ ಟಿಕೆಟನ್ನು ನಾನೇ ಕೂತು ಬುಕ್ ಮಾಡಿದೆ. ಬೇರೆ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಆ ತಣ್ಣನೆಯ ಕೈ ಅಷ್ಟು ಸ್ಪಷ್ಟವಾಗಿ ಎಚ್ಚರಿಸಿದ ಮೇಲೂ ಕಳಿಸಿದವಳು ನಾನು.

ಮಗಳು ಹೋದ ಮೇಲೆ, ಕೋಟೆಯಲ್ಲಿ ನನ್ನ ಮೊಣಕೈ ಹಿಡಿದಿದ್ದ ಆ ಹೆಂಗಸು ನಮ್ಮ ಮನೆಗೇ ಬಂದುಬಿಟ್ಟಳು. ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಹೊಗೆಯ ವಾಸನೆ. ಅಡಿಗೆ ಮಾಡುವಾಗ ಬೆನ್ನ ಹಿಂದೆ ಅದೇ ಉಸಿರು. ಮೊದಮೊದಲು ದೇವರ ಮುಂದೆ ದೀಪ ಹಚ್ಚಿ ಹೆದರಿ ಕೂರುತ್ತಿದ್ದೆ. ಬರಬರುತ್ತಾ ಅವಳಿಲ್ಲದ ದಿನವೇ ಮನೆ ಬಿಕೋ ಅನ್ನುತ್ತಿತ್ತು. "ಇವತ್ತು ಮಗಳು ವಿಡಿಯೋದಲ್ಲಿ ಮಾತಾಡಲಿಲ್ಲ ಮಾರಾಯ್ತಿ, ಆಟಕ್ಕೆ ಓಡಿಹೋದಳು" ಅಂತ ಅವಳ ಹತ್ತಿರ ಹೇಳಿಕೊಂಡು ಅಳುತ್ತಿದ್ದೆ.

ಪರವಾನಗಿ ಬಂತು. ಕೀಟಾ ಜಾಗವೂ ಸಿಕ್ಕಿತು. ಒಂದು ವರ್ಷ ಅಂದದ್ದು ಎರಡಾಗಿತ್ತು. ಗಂಡ ಊರಿಗೆ ಹೋಗಿ ಮಗಳನ್ನು ಕರೆತಂದ. ವಿಮಾನ ನಿಲ್ದಾಣದಲ್ಲಿ ಎತ್ತಿಕೊಂಡಾಗ ಅಳಲಿಲ್ಲ, ಕೊಸರಲಿಲ್ಲ. ನನ್ನ ಪುಣ್ಯ, ಮರೆತಿಲ್ಲ ಅಂತ ದಾರಿಯುದ್ದಕ್ಕೂ ಮುದ್ದು ಮಾಡಿದೆ.

ಮಾರನೆಯ ಬೆಳಿಗ್ಗೆ ಅಜ್ಜಿಯ ಫೋನ್ ಬಂತು. "ಅಜ್ಜೀ, ನೀನು ಯಾಕೆ ಬರ್ಲಿಲ್ಲ? ನೀನು ಸುಳ್ಳಿ!" ಅಂತ ಜಗಳ ಮಾಡಿ, ಅತ್ತು, ಫೋನಿಟ್ಟಳು. ಕಣ್ಣೊರೆಸಿಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮ, ನೀವು ನನಗೆ ಸ್ವಲ್ಪ ನೀರು ಕೊಡ್ತೀರಾ?" ಅಂದಳು.

"ನೀವು ಅನ್ಬಾರ್ದು ಪುಟ್ಟಾ, ನನಗೆ ನೀನು ಅನ್ನು" ಅಂದೆ.

"ದೊಡ್ಡವರಿಗೆ ಹಾಗೆ ಹೇಳ್ಬಾರ್ದು."

"ಅಜ್ಜಿಗೆ ನೀನು ಅಂದಿಯಲ್ಲ?"

ಅವಳು ನನ್ನನ್ನು ನೋಡಿ, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ ಹೇಳಿದಳು: "ಅಜ್ಜಿ ನಮ್ಮನೆಯವಳಲ್ವಾ?"