ಹಂಸದ ಬಿಲ್ಲೆ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದಕ್ಕೆ ಹಾಕುತ್ತಲೇ ಬಂದೆ. ಕೆಲಸದಿಂದ ನಿವೃತ್ತಿಯಾಗಲಿ ಎಂದುಕೊಂಡೆ, ಆಮೇಲೆ ಮಗನ ಮದುವೆ ಮುಗಿಯಲಿ ಎಂದುಕೊಂಡೆ, ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದುಕೊಂಡೆ. ಎಲ್ಲವೂ ಆಯಿತು. ಮೊನ್ನೆ ಆಯುಧಪೂಜೆಯ ಹಿಂದಿನ ದಿನ ಅಡುಗೆಮನೆಯಿಂದ ಹುಣಸೆಹಣ್ಣಿನಲ್ಲಿ ಹಿತ್ತಾಳೆ ಉಜ್ಜುವ ವಾಸನೆ ಬಂತು. ಸೊಸೆ ದೀಪದ ಕಂಬಗಳನ್ನು ತೊಳೆಯುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ, ತನ್ನ ಸರದಿಗೆ ಕಾಯುತ್ತ, ಬೆರಳುದ್ದದ ಒಂದು ಕಪ್ಪು ಬಿಲ್ಲೆ ಕೂತಿತ್ತು.

"ಅದನ್ನ ಮುಟ್ಟಬೇಡ!" ಎಂದು ಕೂಗಿಬಿಟ್ಟೆ.

ಅವಳು ಬೆಚ್ಚಿದಳು. "ಹಳೇ ಬಿಸ್ಕತ್ ಡಬ್ಬೀಲಿತ್ತು ಮಾವ. ಕಪ್ಪಗಾಗಿದೆಯಲ್ಲ, ತೊಳೆಯೋಣ ಅಂತ…"

ಈ ಮನೆಗೆ ಬಂದಾಗಿನಿಂದ ಅವಳ ಮೇಲೆ ನಾನು ದನಿ ಎತ್ತಿದ್ದೇ ಇಲ್ಲ. ಯಾಕೆ ಕೂಗಿದೆ ಎಂದು ಹೇಳದೆ ಇರಲಾಗಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಬಾಡಿಗೆ ಮನೆ, ಹೊಸ ಸಂಸಾರ. ನನಗಿದ್ದದ್ದು ಒಂದೇ ಹುಚ್ಚು: ಸ್ವಾತಂತ್ರ್ಯಕ್ಕೆ ಮುಂಚೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಸೈಕಲ್ಲುಗಳನ್ನು ಹುಡುಕಿ ತಂದು ಇಟ್ಟುಕೊಳ್ಳುವುದು. ನಡುಮನೆಯಲ್ಲೇ ಮೂರು ನಿಂತಿದ್ದವು. "ನೆಂಟ್ರು ಬಂದ್ರೆ ಎಲ್ಲಿ ಕೂರಿಸ್ಲಿ, ಕ್ಯಾರಿಯರ್ ಮೇಲಾ?" ಎಂದು ನನ್ನವಳು ಕೇಳುತ್ತಿದ್ದಳು.

ಈ ಹುಚ್ಚಿಗೆ ಗುರು ಎಂದರೆ ಬನಶಂಕರಿ ಎರಡನೇ ಹಂತದಲ್ಲಿ ಹೊಂಗೆಮರದ ಕೆಳಗೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಣ್ಣ. ಅಂಗಡಿಗೆ ಬೋರ್ಡು ಇರಲಿಲ್ಲ. ಮರದ ಕೊಂಬೆಗೆ ಒಂದು ಹಳೇ ರಿಮ್ಮು ನೇತುಹಾಕಿದ್ದರು, ಅಷ್ಟೇ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಹಿರಿಯರು, ಕಿರಿಯರು ಎಲ್ಲರಿಗೂ ಅವರು ಅಣ್ಣನೇ. ಒಂದು ಸೈಕಲ್ಲಿನ ವಯಸ್ಸನ್ನು ಕಂಡುಹಿಡಿಯುವುದನ್ನು ಅವರು ಕಲಿಸಿದರು. "ಬಣ್ಣ ನಂಬ್ಬೇಡ, ಬಣ್ಣ ಯಾರ್ ಬೇಕಾದ್ರೂ ಹೊಡೀತಾರೆ. ಚಕ್ರ ತಿರುಗ್ಸಿ ಕಣ್ಮುಚ್ಚಿ ಕೇಳು" ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿದರೆ, "ನಿದ್ದೆ ಮಾಡು ಅನ್ಲಿಲ್ಲ ಕಣೋ" ಎಂದು ಬೆನ್ನಿಗೆ ಗುದ್ದುತ್ತಿದ್ದರು.

ಹಳೇ ಸೈಕಲ್ ಹುಡುಕುವುದಕ್ಕೆ ವರ್ಷದಲ್ಲಿ ಒಂದು ದಿನ ಬಲು ಮುಖ್ಯವಾಗಿತ್ತು. ಅದು ಆಯುಧಪೂಜೆಯ ದಿನ. ಉಳಿದ ದಿನಗಳಲ್ಲಿ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಬಿದ್ದಿರುವ ಸೈಕಲ್ಲು ಅಂದು ಹೊರಗೆ ಬರುತ್ತದೆ. ಓಡದಿದ್ದರೂ ಸರಿ, ಅದಕ್ಕೊಂದು ಸ್ನಾನ, ಕುಂಕುಮ, ಹೂವು. ಅಣ್ಣ ತಮ್ಮ ಅಂಗಡಿಯ ಪೂಜೆಯನ್ನು ಬೆಳಗ್ಗೆ ಎಂಟಕ್ಕೇ ಮುಗಿಸಿ, ಕುಂಬಳಕಾಯಿ ಒಡೆದು, ಸೈಕಲ್ ಹತ್ತುತ್ತಿದ್ದರು. ಹಿಂದೆ ನಾನು. ಯಡಿಯೂರು, ಕದಿರೇನಹಳ್ಳಿ, ಸಾರಕ್ಕಿ… ಈಗಿನ ಪದ್ಮನಾಭನಗರದ ಕಡೆಯೆಲ್ಲ ಆಗ ರಾಗಿ ಹೊಲ. ಮನೆ ಮನೆ ಮುಂದೆ ಕಣ್ಣಾಡಿಸುತ್ತ ನಿಧಾನವಾಗಿ ಹೋಗುತ್ತಿದ್ದೆವು. ಎಲ್ಲಾದರೂ ಹಳೆಯದೊಂದು ಕಂಡರೆ ಅಣ್ಣ ಗಂಟೆ ಹೊಡೆಯುತ್ತಿದ್ದರು. ಕೊಡುತ್ತೀರಾ ಎಂದು ಕೇಳುವುದು ಮಾತ್ರ ಅಂದೇ ಅಲ್ಲ. "ಹೂವು ಮುಡಿದಿರೋದನ್ನ ಕೇಳ್ಬಾರ್ದು, ಒಂದ್ ವಾರ ಬಿಟ್ಟು ಬರೋಣ" ಎಂದು ಮನೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ಆ ಮನೆಗಳಲ್ಲಿ ನಮಗೆ ಸಿಕ್ಕ ಹುಗ್ಗಿ, ಕಡಲೆ, ಬಾಳೆಹಣ್ಣು ಎಷ್ಟೋ.

ಅಣ್ಣನದೇ ಸೈಕಲ್ಲಿನ ಮುಂದಿನ ಕೊಳವೆಗೆ ಎರಡು ಪುಟ್ಟ ಸ್ಕ್ರೂ ಹಾಕಿ ಕೂರಿಸಿದ, ಕಂಪನಿಯ ಗುರುತಿನ ಹಿತ್ತಾಳೆಯ ಬಿಲ್ಲೆಯಿತ್ತು. ಅದರ ಮೇಲೆ ರೆಕ್ಕೆ ಬಿಚ್ಚಿದ ಹಂಸ. ಒಂದೊಂದು ಗರಿಯೂ ಎಣಿಸುವಂತೆ ಇತ್ತು. ಸಾಸಿವೆಯಷ್ಟು ಚಿಕ್ಕ ಕಣ್ಣು ಕೂಡ. ಅದೇ ಕಂಪನಿಯ ಸೈಕಲ್ಲು ನನ್ನ ಬಳಿಯೂ ಒಂದಿತ್ತು, ಆದರೆ ಅದರ ಬಿಲ್ಲೆ ಬೋಳು. ನಮ್ಮ ಸೀಮೆಯ ಎಲ್ಲ ಸೈಕಲ್ಲಿನ ಕಥೆಯೂ ಅದೇ. ವರ್ಷ ವರ್ಷ ಆಯುಧಪೂಜೆಗೆ ಹೆಂಗಸರು ಮಕ್ಕಳು ಭಕ್ತಿಯಿಂದ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಹಂಸದ ಮುಖವನ್ನೇ ಅಳಿಸಿರುತ್ತಿದ್ದರು. "ಇದು ಹಂಸ ಅಲ್ಲಪ್ಪ, ಇಡ್ಲಿ" ಎಂದು ನನ್ನದನ್ನು ನೋಡಿ ಅಣ್ಣ ನಗುತ್ತಿದ್ದರು. ಅವರು ತಮ್ಮದನ್ನು ಯಾರಿಗೂ ಉಜ್ಜಲು ಬಿಟ್ಟವರಲ್ಲ. ಬಟ್ಟೆಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುವುದು, ಅಷ್ಟೇ. ಸೈಕಲ್ ಹತ್ತುವ ಮುಂಚೆ ಎಡಗೈ ಹೆಬ್ಬೆರಳಿಂದ ಹಂಸವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಎಂಬತ್ತರ ದಶಕ ಶುರುವಾಗಿತ್ತು. ಊರಿನಲ್ಲೊಂದು ಹಳೇ ವಾಹನಗಳ ಪ್ರದರ್ಶನ ಏರ್ಪಾಡಾಯಿತು. ಸೈಕಲ್ಲಿಗೂ ಒಂದು ಬಹುಮಾನ; ನನ್ನದಕ್ಕೂ ಹೆಸರು ಕೊಟ್ಟೆ. ಅದೇ ವಾರ ಅಣ್ಣನಿಗೆ ಹರ್ನಿಯಾ ಆಪರೇಷನ್. ಆಸ್ಪತ್ರೆಗೆ ಸೇರುವ ಮುನ್ನ ತಮ್ಮ ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಮನೆಗೆ ಬಂದರು. "ಅಂಗಡಿ ಬೀಗ ಭದ್ರ ಇಲ್ಲ ಕಣೋ. ನಿನ್ನತ್ರ ಆದ್ರೆ ನಂಗೆ ಯೋಚ್ನೆ ಇರಲ್ಲ" ಎಂದರು.

ಎರಡು ಸ್ಕ್ರೂ. ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಅವರ ಹಂಸ ನನ್ನ ಸೈಕಲ್ಲಿಗೆ, ನನ್ನ ಬೋಳು ಬಿಲ್ಲೆ ಅವರದಕ್ಕೆ. ಪ್ರದರ್ಶನ ಮುಗಿದ ಮೇಲೆ ವಾಪಸ್ಸು ಹಾಕಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪ್ರದರ್ಶನದಲ್ಲಿ ಪ್ರತಿ ಸೈಕಲ್ಲಿನ ಮುಂದೆ ಒಂದು ರಟ್ಟು ಇಟ್ಟಿದ್ದರು: ಮಾಲೀಕರು ಯಾರು, ಸರಿಪಡಿಸಿದವರು ಯಾರು. ನನ್ನ ಆ ಸೈಕಲ್ಲಿನ ಒಂದೊಂದು ಕಡ್ಡಿಯನ್ನೂ ಬಿಗಿದವರು ಅಣ್ಣ. ನಾನು ಎರಡೂ ಕಡೆ ನನ್ನ ಹೆಸರೇ ಬರೆದೆ. ತೀರ್ಪುಗಾರರು ಹಂಸದ ಹತ್ತಿರ ಬಗ್ಗಿ ನೋಡಿ, "ಇಷ್ಟು ಚೆನ್ನಾಗಿ ಉಳಿದಿರೋದನ್ನ ನಾವು ಎಲ್ಲೂ ನೋಡಿಲ್ಲ" ಎಂದರು. ಮೊದಲ ಬಹುಮಾನ ಬಂತು.

ಮಾರನೆಯ ಬೆಳಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಆಸ್ಪತ್ರೆಯಿಂದ ಹೇಳಿದ್ದಕ್ಕಿಂತ ಎರಡು ದಿನ ಮುಂಚೆಯೇ ಮನೆಗೆ ಕಳಿಸಿದ್ದರಂತೆ. ಹೊಟ್ಟೆ ಹಿಡಿದುಕೊಂಡು ಇಳಿದ ಅಣ್ಣ ನೇರವಾಗಿ ಅಂಗಳದಲ್ಲಿದ್ದ ತಮ್ಮ ಸೈಕಲ್ಲಿನ ಹತ್ತಿರ ಹೋದರು. ಹೆಬ್ಬೆರಳು ಬಿಲ್ಲೆಯ ಮೇಲೆ ಹೋಯಿತು. ಕಣ್ಣಿಗೆ ಏರಬೇಕಾದ ಕೈ ಅಲ್ಲೇ ನಿಂತಿತು…

"ಏನೋ ಇದು?"

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಉಜ್ಜಿಬಿಟ್ಯೇನೋ?" ಎಂದರು.

"ಹೂಂ ಅಣ್ಣ. ಹುಣಸೆಹಣ್ಣು ಹಾಕಿ…"

"ಎಷ್ಟ್ ಸಲ ಬಡ್ಕೊಂಡಿದೀನಿ ನಿಂಗೆ! ಹೋಗ್ಲಿ ಬಿಡು. ಚೆನ್ನಾಗ್ ಕಾಣ್ಲಿ ಅಂತ ತಾನೆ ಮಾಡಿದ್ದು."

ನನ್ನವಳು ಕೊಟ್ಟ ಕಾಫಿ ಕುಡಿದರು. ಹತ್ತು ಹೆಜ್ಜೆ ಒಳಗೆ, ನಡುಮನೆಯಲ್ಲಿ, ಹೊದಿಕೆಯ ಕೆಳಗೆ ನನ್ನ ಸೈಕಲ್ಲು ನಿಂತಿತ್ತು. ನಮ್ಮ ಮನೆಗೆ ಬಂದಾಗಲೆಲ್ಲ ಪ್ರತಿಯೊಂದು ಸೈಕಲ್ಲನ್ನೂ ಮಾತಾಡಿಸದೆ ಹೋಗದಿದ್ದ ಮನುಷ್ಯ ಅಂದು ಒಳಗೆ ಬರಲಿಲ್ಲ. ಒಂದು ವಾರದಲ್ಲಿ ಉಜ್ಜಿ ಹಂಸದ ಮುಖ ಅಳಿಸಲಾಗದು, ಅದಕ್ಕೆ ಇಪ್ಪತ್ತು ಆಯುಧಪೂಜೆ ಬೇಕು ಎಂದು ನನಗೆ ಕಲಿಸಿದವರೇ ಅವರು. ಅವರಿಗೆ ಗೊತ್ತಿತ್ತು. ನಾನು ಮುಖ ಎತ್ತಿ ಓಡಾಡಲೆಂದು ಒಂದು ಸಣ್ಣ ತಪ್ಪನ್ನು ಅವರೇ ಹುಡುಕಿ ಕೊಟ್ಟರು. ನಾನು ಅದನ್ನು ತೆಗೆದುಕೊಂಡೆ.

ಆಮೇಲೆ ಆ ಹಂಸದ ಬಿಲ್ಲೆಯನ್ನು ನೋಡಲಾರದೆ ಬಿಚ್ಚಿ ಡಬ್ಬಿಗೆ ಹಾಕಿದೆ. ಮುಂದಿನ ವರ್ಷ ನನ್ನ ಸೈಕಲ್ಲಿನಲ್ಲಿ ಎರಡು ಬರಿಯ ತೂತು ಕಂಡು ಅಣ್ಣ ಏನೆಂದು ಕೇಳಿದರು. "ಎಲ್ಲೋ ಬಿದ್ದೋಯ್ತು" ಎಂದೆ. "ಬೀಳ್ತವೆ, ಬೀಳ್ತವೆ" ಎಂದು ಸ್ಪ್ಯಾನರಿಗೆ ಕೈ ಹಾಕಿದರು. ಅಂಗಡಿಗೆ ಬಂದವರ ಮುಂದೆ ಮಾತ್ರ ತಮಾಷೆ ನಿಲ್ಲಲಿಲ್ಲ: "ನೋಡ್ರಪ್ಪ, ನಮ್ ಹಂಸಾನ ಇಡ್ಲಿ ಮಾಡಿದ್ದು ಇವನೇ. ಅಷ್ಟು ಭಕ್ತಿ!" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಪ್ರತಿ ನಗೆಯ ಕೊನೆಯಲ್ಲಿ ಅವರು ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಈಗ ಅನ್ನಿಸುತ್ತದೆ, ಹೇಳುವುದಕ್ಕೆ ಅವಕಾಶ ಕೊಡುತ್ತಿದ್ದರೋ ಏನೋ…

ಕೆಲವು ವರ್ಷಗಳ ಮೇಲೆ ಅಂಗಡಿಯ ಜಾಗ ರಸ್ತೆಗೆ ಹೋಯಿತು. ಅಣ್ಣ ಅಂಜನಾಪುರದ ಕಡೆ ಮಗಳ ಮನೆ ಸೇರಿದರು. ಆಗ ಅದು ಬಸ್ಸು ಅಪರೂಪದ ಹಳ್ಳಿ. ಮುಂದಿನ ಭಾನುವಾರ ಹೋಗೋಣ ಎನ್ನುತ್ತಲೇ ಇದ್ದೆ. ಸುದ್ದಿ ತಲುಪಿ ನಾನು ಹೋಗುವ ಹೊತ್ತಿಗೆ ಹನ್ನೊಂದನೇ ದಿನದ ಕಾರ್ಯವೂ ಮುಗಿದಿತ್ತು. ಅಂದು ಅಂಗಿಯ ಜೇಬಿನಲ್ಲಿ ಬಿಲ್ಲೆ ಇತ್ತು, ಪುಟ್ಟ ಸ್ಕ್ರೂಡ್ರೈವರೂ ಇತ್ತು. ಅಣ್ಣನ ಸೈಕಲ್ಲು ಜಗಲಿಯ ಮೇಲೆ ಗೋಡೆಗೆ ಒರಗಿತ್ತು.

"ಇದನ್ನ ನೀವೇ ತಗೊಂಡೋಗಿ" ಎಂದಳು ಮಗಳು. "ಅವ್ನು ಬಂದ್ರೆ ಸೈಕಲ್ ಅವ್ನಿಗೇ ಕೊಡು, ಬೇರೆಯವ್ರಿಗೆ ಅದರ ಬೆಲೆ ತಿಳಿಯಲ್ಲ ಅಂತ ಅಪ್ಪ ಹೇಳಿದ್ರು."

ಒಂದು ಬಿಲ್ಲೆ ಕದ್ದವನಿಗೆ ಇಡೀ ಸೈಕಲ್ಲು. "ಬೇಡಮ್ಮ, ನೀವೇ ಓಡಿಸ್ಕೊಳ್ಳಿ" ಎಂದೆ. ಅವಳು ನೋಡುತ್ತಿದ್ದಳು, ಬಿಲ್ಲೆ ತೆಗೆದರೆ ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತಿತ್ತು. ಜೇಬಿನಿಂದ ಕೈ ಹೊರಗೆ ಬರಲೇ ಇಲ್ಲ. ಹಾಗೇ ಹಿಂದಿರುಗಿದೆ.

ಈಗ ನನ್ನ ಬಳಿ ಒಂದು ಸೈಕಲ್ಲೂ ಇಲ್ಲ; ಒಂದೊಂದಾಗಿ ಕೇಳಿದವರಿಗೆ ಕೊಟ್ಟುಬಿಟ್ಟೆ. ಬಿಲ್ಲೆಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಗರಿಗಳು ಇನ್ನೂ ಎಣಿಸುವಂತಿವೆ. ಕೇಳಿ ಮುಗಿಸಿದ ಮೇಲೆ ಸೊಸೆ ಅದನ್ನು ನನ್ನ ಅಂಗೈಗಿಟ್ಟು, "ಅವ್ರ ಹೆಸರೇನು ಮಾವ?" ಎಂದಳು. ಒಂದು ಗಳಿಗೆ ನನಗೇ ಹೊಳೆಯಲಿಲ್ಲ. ಅಣ್ಣ ಎಂದಲ್ಲದೆ ಬೇರೆ ಹೆಸರು ಹಿಡಿದು ಕರೆದವನಲ್ಲ ನಾನು. ಅಂದು ಆ ರಟ್ಟಿನ ಮೇಲೆ ನನ್ನ ಹೆಸರು ಎರಡು ಸಲ ಬರೆದೆನಲ್ಲ, ಎರಡನೆಯದರ ಜಾಗದಲ್ಲಿ ಇರಬೇಕಾಗಿದ್ದ ಹೆಸರು ಅದು. ಕ್ಷಮಿಸಿ ಎಂದು ಒಮ್ಮೆಯೂ ನಾನು ಅವರನ್ನು ಕೇಳಲಿಲ್ಲ. ಸರಿಪಡಿಸಿದವರು: ಪಿಳ್ಳಪ್ಪ.