ವೆಂಡಲ್‌ನ ಜೀಪಿನ ಒಂದು ಮಗ್ಗುಲು

ಹ್ಯಾಂಡ್‌ಬ್ರೇಕ್ ಎಳೆಯದೆ ಜೀಪಿನಿಂದ ಇಳಿಯುವವನು ಮನುಷ್ಯನೇ ಅಲ್ಲ ಎಂದು ಲೈಲ್ ಬಾಸ್ಕಮ್ ಐಸ್ ಪೆಟ್ಟಿಗೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾಗಲೇ, ಅವನ ಬೆನ್ನ ಹಿಂದೆ ಅವನದೇ ಜೀಪು ಸದ್ದಿಲ್ಲದೆ ಹೊರಟಿತು. ಯಾವ ಆತುರವೂ ಇಲ್ಲದೆ, ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ಇಳಿಜಾರಿನಲ್ಲಿ ಉರುಳಿ, ನಿಂತವರ ನಡುವೆ ಹಾದು, ಒಂದು ಚೋಯಾ ಕಳ್ಳಿಯ ಪೊದೆಗೆ ಮೂತಿ ತೂರಿಸಿ ನಿಂತುಕೊಂಡಿತು.

"ಅಧ್ಯಕ್ಷರೇ, ನಿಮ್ಮ ಜೀಪಿಗೂ ಭಾಷಣ ಬೇಜಾರಾಯ್ತು ನೋಡಿ" ಎಂದಳು ಚೆಲೊ ಇಬಾರಾ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವ ಈ ಹೆಂಗಸು ಯಾವಾಗಲೂ ಸಾಲಿನ ಕೊನೆಯ ಗಾಡಿ ಓಡಿಸುತ್ತಾಳೆ. ಹಿಂದುಳಿದವರನ್ನು ಎತ್ತಿಕೊಂಡು ಬರುವುದೂ ಮುಂದಿರುವವರನ್ನು ಆಡಿಕೊಳ್ಳುವುದೂ ಅವಳ ಕೆಲಸ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲುದಾರಿಗೆಂದು ಟೈರಿನ ಗಾಳಿ ಇಳಿಸುತ್ತ ಮಂಡಿಯೂರಿದ್ದವರು ಅಲ್ಲೇ ಮರಳ ಮೇಲೆ ಉರುಳಿಕೊಂಡು ನಕ್ಕರು. ಲೈಲನೂ ನಕ್ಕ, ಬೇರೆ ದಾರಿ ಇರಲಿಲ್ಲ. ವಿಕೆನ್‌ಬರ್ಗ್ ಊರಿನಲ್ಲಿ ಹಾಸಿಗೆಯ ಅಂಗಡಿ ಇಟ್ಟುಕೊಂಡು, ದಿನವಿಡೀ ಜನರನ್ನು ಮೆತ್ತೆಯ ಮೇಲೆ ಮಲಗಿಸಿ "ಹೇಗಿದೆ?" ಎಂದು ಕೇಳುವ ಈ ಮನುಷ್ಯನನ್ನು ಕಲ್ಲುದಾರಿಯಲ್ಲಿ ಜೀಪು ಹತ್ತಿಸುವವರ ಸಂಘಕ್ಕೆ ಅಧ್ಯಕ್ಷನನ್ನಾಗಿ ಆರಿಸಿದ್ದು ಯಾಕೆಂದರೆ, ಆವತ್ತಿನ ಸಭೆಗೆ ಅವನು ಬಂದಿರಲಿಲ್ಲ.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಜೀಪು ಉರುಳಿದ್ದು ಆರ್ಲೀನ್ ಪ್ರೂಯಿಟ್‌ಳ ಎಡಗಡೆಯಿಂದ, ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ. ಎಲ್ಲರೂ ಕೂಗಿದ್ದರು. ಅವಳು ಮಾತ್ರ ಕದಲಿರಲಿಲ್ಲ. ಕೂಗು ಯಾತಕ್ಕೆಂದು ತಿಳಿಯದೆ ಬಲಕ್ಕೆ ತಿರುಗಿ, ಬೆಟ್ಟದ ಕಡೆ ನೋಡಿ, "ಏನು, ಕಾಡುಕತ್ತೆ ಬಂತಾ?" ಎಂದು ಕೇಳಿದ್ದಳು.

ಅವಳ ಗಂಡ ವೆಂಡಲ್ ಹತ್ತಿರ ಬಂದು ಅವಳ ಎಡಗೈಯನ್ನು ಎತ್ತಿಕೊಂಡು ಕಿತ್ತಳೆ ಬಣ್ಣದ ಗವಸು ತೊಡಿಸತೊಡಗಿದ. ಬಲಗೈಯದನ್ನು ಅವಳೇ ಹಾಕಿಕೊಂಡಿದ್ದಳು.

ವೆಂಡಲ್ ಪ್ರೂಯಿಟ್ ಜೀವಮಾನವೆಲ್ಲ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವನು. ಮಾತು ಕಡಿಮೆ. ಅವನ ಮದುವೆಯ ದಿನ ಪಾದ್ರಿ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತೆಂದೂ, ವೆಂಡಲ್ ತಲೆಯಾಡಿಸಿದ್ದನ್ನೇ ಕೊನೆಗೆ ಒಪ್ಪಿಗೆ ಎಂದು ಹಿಡಿದರೆಂದೂ ಆರ್ಲೀನ್ ಹಿಂದೆಲ್ಲ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಮಾತಿನ ಪಾಲು ಅವಳದು, ಚಕ್ರದ ಪಾಲು ಇವನದು. ಶನಿವಾರ ಬಂದರೆ ಇಬ್ಬರೂ ಹಳೆಯ ಕೆಂಪು ಜೀಪಿನಲ್ಲಿ ಒಣಹಳ್ಳಗಳನ್ನು ಹುಡುಕಿಕೊಂಡು ಹೋಗುವರು. ಕಡಿದಾದ ಜಾಗ ಬಂದಾಗ ಅವಳು ಇಳಿದು ಎದುರಿಗೆ ನಿಂತು ಕೈ ತೋರಿಸುವಳು. ಅವನು ಅವಳ ಕೈಯನ್ನಷ್ಟೇ ನೋಡುತ್ತ ಹತ್ತಿಸುವನು.

ಆ ಕೆಲಸಕ್ಕೆ ಒಂದೇ ಕಟ್ಟಳೆ. ಕೈ ತೋರಿಸುವವರು ಒಬ್ಬರೇ ಇರಬೇಕು. ಸೀಟಿನಲ್ಲಿ ಕೂತವನಿಗೆ ಬಾನೆಟ್ಟಿನ ಕೆಳಗಿನ ನೆಲ ಕಾಣುವುದಿಲ್ಲ. ಆದ್ದರಿಂದ ಅವನು ತನ್ನ ಕಣ್ಣನ್ನು ಬಿಟ್ಟು ಆ ಒಬ್ಬರ ಕೈಯನ್ನು ನಂಬಬೇಕು. ಎದುರುಬದುರು ನಿಂತಾಗ ಎಡಬಲ ಅದಲುಬದಲಾಗುತ್ತದೆಂದು "ಡ್ರೈವರ್ ಕಡೆ", "ಪ್ಯಾಸೆಂಜರ್ ಕಡೆ" ಎಂದೇ ಕೂಗುತ್ತಾರೆ. ಸಂಘದಲ್ಲಿ ಇದನ್ನೆಲ್ಲ ಎಲ್ಲರಿಗೂ ಕಲಿಸಿದವಳು ಆರ್ಲೀನ್. ಲೈಲನಿಗೂ ಅವಳೇ ಕಲಿಸಿದ್ದಳು, ಹೆಚ್ಚಾಗಿ ಬೈದು.

ಹೋದ ವರ್ಷ ಅವಳ ಮಿದುಳಿನಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿತು. ಕೈಕಾಲು ಮತ್ತೆ ಸ್ವಾಧೀನಕ್ಕೆ ಬಂದವು, ಮಾತು ಉಳಿಯಿತು. ಆದರೆ ಅವಳ ಪಾಲಿಗೆ ಲೋಕದ ಎಡಗಡೆ ಹೊರಟುಹೋಯಿತು. ಕಣ್ಣೇನೋ ಸರಿಯಾಗಿದೆ, ಆ ಕಡೆಯೊಂದು ಇದೆ ಎಂಬುದೇ ಅವಳಿಗೆ ನೆನಪಾಗುವುದಿಲ್ಲ ಎಂದರು ವೈದ್ಯರು. ತಟ್ಟೆಯ ಬಲಭಾಗ ಉಂಡು "ಇಷ್ಟೇನಾ?" ಎನ್ನುತ್ತಾಳೆ, ವೆಂಡಲ್ ತಟ್ಟೆಯನ್ನು ತಿರುಗಿಸಿ ಇಡುತ್ತಾನೆ. ತುಟಿಗೆ ಅರ್ಧ ಬಣ್ಣ ಹಚ್ಚಿಕೊಳ್ಳುತ್ತಾಳೆ. ಉಳಿದರ್ಧವನ್ನು ಅವನು ತನ್ನ ದಪ್ಪ ಹೆಬ್ಬೆರಳಿನಲ್ಲಿ ಮುಗಿಸುತ್ತಾನೆ. ಇನ್ನು ಸುಧಾರಿಸುತ್ತದೆಯೇ ಎಂದು ಕೇಳಿದ್ದಕ್ಕೆ ವೈದ್ಯರು ಕಿಟಕಿಯ ಹೊರಗೆ ನೋಡಿದ್ದರಂತೆ.

ಪ್ರೂಯಿಟ್ ದಂಪತಿಯ ಜೀಪಿನ ಸುತ್ತ ಒಂದು ಸುತ್ತು ಬಂದರೆ ಸಾಕು, ಇದೆಲ್ಲ ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. ಡ್ರೈವರ್ ಕಡೆಯ ಮಗ್ಗುಲು ಮೇಣ ತಿಕ್ಕಿ ಹೊಳೆಯುತ್ತಿತ್ತು. ಪ್ಯಾಸೆಂಜರ್ ಕಡೆ, ಅಂದರೆ ಎದುರಿಗೆ ನಿಂತ ಆರ್ಲೀನಳ ಎಡಗಡೆ, ಬಾಗಿಲು ಬಟ್ಟಲಿನ ಹಾಗೆ ಒಳಗೆ ಹೋಗಿತ್ತು, ದೀಪ ಒಡೆದಿತ್ತು, ತಗಡು ಕೀಸಿ ಬೆಳ್ಳಗಾಗಿತ್ತು. ಬಲಗಡೆಯ ಕಲ್ಲು ಅವಳಿಗೆ ಕಾಣುತ್ತದೆ. ಅದರಿಂದ ಜೀಪನ್ನು ಜಾಗ್ರತೆಯಾಗಿ ದೂರ ಸರಿಸುತ್ತಾಳೆ, ಏನೂ ಇಲ್ಲವೆಂದು ಅವಳು ತಿಳಿದ ಕಡೆಗೆ.

ಹೋದ ತಿಂಗಳು ಹೊಸ ಸದಸ್ಯನೊಬ್ಬನಿಗೂ ಹಾಗೆಯೇ ಕೈ ತೋರಿಸಿ ಅವನ ಬಾಗಿಲು ಕಿತ್ತು ಬಂತು. ಸಮಿತಿ ಸೇರಿತು. ಆರ್ಲೀನ್ ಇನ್ನು ಯಾರಿಗೂ, ಗಂಡನಿಗೂ, ಕೈ ತೋರಿಸಕೂಡದು ಎಂದಾಯಿತು. ಹೇಳುವುದು ಯಾರು ಎಂದಾಗ ಎಲ್ಲರೂ ಲೈಲನ ಮುಖ ನೋಡಿದರು. ಈ ಸಲ ಅವನು ಸಭೆಗೆ ಹೋಗಿದ್ದ.

ಇವತ್ತು ಹತ್ತಬೇಕಿದ್ದ ಕತ್ತೆ ಮೆಟ್ಟಿಲು ಎಂಬ ಹಳ್ಳದಲ್ಲಿ ಮೂರು ಕಲ್ಲುಹಂತಗಳಿವೆ. ಮೊದಲನೆಯದರ ಬುಡದಲ್ಲಿ ಲೈಲ್ ವೆಂಡಲ್‌ನನ್ನು ಪಕ್ಕಕ್ಕೆ ಕರೆದ. ಇಡೀ ವಾರ ಅಂಗಡಿಯಲ್ಲಿ ಹಾಸಿಗೆಗಳ ಮುಂದೆ ನಿಂತು ಅಭ್ಯಾಸ ಮಾಡಿದ್ದ. ಹಾಸಿಗೆಗಳು ಶಾಂತವಾಗಿ ಕೇಳಿಸಿಕೊಂಡಿದ್ದವು.

"ವೆಂಡಲ್, ಸಮಿತಿಯೋರು ಏನಂದ್ರು ಅಂದ್ರೆ... ಅಂದ್ರೆ ನಾನಲ್ಲ, ಸಮಿತಿ..."

"ಆರ್ಲೀನ್ ವಿಷಯ" ಎಂದ ವೆಂಡಲ್.

"ಹೂಂ."

ವೆಂಡಲ್ ಟೋಪಿ ತೆಗೆದು ಅದರೊಳಗೆ ನೋಡಿದ. "ಮನೇಲಿ ಟೀವಿ ಮುಂದೆ ಕೂತಿರ್ತಾಳೆ, ಲೈಲ್. ರಾತ್ರಿ ಬಟ್ಟೇಲೇ. ಟೀವಿ ಹಾಕಿರಲ್ಲ. ಮಾತಾಡ್ಸಿದ್ರೆ ಮಾತಿಲ್ಲ. ಶನಿವಾರ ಮಾತ್ರ ನನಗಿಂತ ಮುಂಚೆ ಎದ್ದು ಗವಸು ಹುಡುಕ್ತಾಳೆ. ವಾರಕ್ಕೊಂದಿನ ನನ್ ಹೆಂಡ್ತಿ ಮನೇಲಿರ್ತಾಳೆ. ಮಿಕ್ಕಿದ್ ದಿನ ಅವಳ ಥರ ಕಾಣೋ ಯಾರೋ ಇರ್ತಾರೆ."

ವೆಂಡಲ್ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಲೈಲ್ ಯಾವತ್ತೂ ಕೇಳಿರಲಿಲ್ಲ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಆ ಗಾಬರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಅವನ ಉಪಾಯಗಳೆಲ್ಲ ಹುಟ್ಟುವುದು ಗಾಬರಿಯಲ್ಲೇ.

"ಹೀಗ್ ಮಾಡೋಣ. ಅವಳು ತೋರಿಸ್ಲಿ. ನಾನು ಅವಳ ಹಿಂದೆ ನಿಂತ್ಕೊಂಡು ಮೆಲ್ಲಗೆ ಸರಿಯಾದ್ದನ್ನ ತೋರಿಸ್ತೀನಿ. ನೀನು ನನ್ನ ಕೈ ನೋಡು. ಅವಳಿಗೆ ಗೊತ್ತೇ ಆಗಲ್ಲ."

ವೆಂಡಲ್ ಬಹಳ ಹೊತ್ತು ಸುಮ್ಮನಿದ್ದ. ಮದುವೆಯ ದಿನ ಪಾದ್ರಿ ಕಾದದ್ದೂ ಇಷ್ಟೇ ಇರಬೇಕು ಎಂದುಕೊಂಡ ಲೈಲ್. ಕೊನೆಗೆ ತಲೆಯಾಡಿತು.

ಉಪಾಯ ನಡೆಯಿತು. ಅದೇ ಆಶ್ಚರ್ಯ. ಮೊದಲ ಹಂತದಲ್ಲಿ ಆರ್ಲೀನ್ ಮಂಡಿ ಬಗ್ಗಿಸಿ, ಹಳೆಯ ಗತ್ತಿನಲ್ಲಿ ಕೈ ಬೀಸಿದಳು. ಹಿಂದೆ ಲೈಲ್ ಎದೆಯ ಹತ್ತಿರ ಎರಡು ಬೆರಳು ಅಲ್ಲಾಡಿಸಿದ, ತಿದ್ದಬೇಕಾದ್ದು ಅವಳ ಕಣ್ಣಿಗೆ ಬೀಳದಷ್ಟು ಸಣ್ಣದು. ಕೆಂಪು ಜೀಪು ಎಲ್ಲಿಯೂ ತಾಗದೆ ಮೇಲೆ ಬಂತು. ಎರಡನೆಯದರಲ್ಲೂ ಹಾಗೆಯೇ. ಆರ್ಲೀನಳ ಮುಖ ಅರಳಿತು.

"ನೋಡಿದ್ಯೇನೆ ಚೆಲೊ, ಹೆಂಗೆ ಹತ್ತಿಸ್ದೆ! ಒಂದು ಗೀರಿಲ್ಲ! ಮುದುಕಿಗೆ ಮರೆತುಹೋಗಿದೆ ಅಂದ್ಕೊಂಡಿದ್ರಾ ಎಲ್ಲಾ?"

"ಯಾರಂದ್ರು ನಿನ್ನ ಮುದುಕಿ ಅಂತ? ಹೆಸರು ಹೇಳು, ಅವರಿಗೆ ಊಟ ಇಲ್ಲ ಇವತ್ತು" ಎಂದಳು ಚೆಲೊ. ಮಾತು ಮುಗಿಯುತ್ತಲೇ ತನ್ನ ಗಾಡಿಯ ಹಿಂದೆ ಹೋಗಿ, ಬೀನ್ಸ್ ತುಂಬಿದ ರೊಟ್ಟಿಗಳ ಡಬ್ಬಿಯನ್ನು ಸುಮ್ಮಸುಮ್ಮನೆ ತೆಗೆದು ಮುಚ್ಚಿದಳು.

ಲೈಲನಿಗೆ ತನ್ನ ಮೇಲೆ ತನಗೇ ಒಂದು ಬಗೆಯ ಗೌರವ ಹುಟ್ಟತೊಡಗಿತ್ತು. ಹೀಗೆಯೇ ಪ್ರತಿ ಶನಿವಾರ ನಡೆಸಬಹುದು. ಸಮಿತಿಗೆ ಏನಾದರೊಂದು ಹೇಳಬಹುದು. ಅಂಥ ಗೌರವ ಹುಟ್ಟಿದಾಗಲೆಲ್ಲ ಅವನು ಹ್ಯಾಂಡ್‌ಬ್ರೇಕ್ ಮರೆಯುತ್ತಾನೆ.

ಮೂರನೆಯ ಹಂತ ಇಕ್ಕಟ್ಟು. ಡ್ರೈವರ್ ಕಡೆ ಮೊಣಕಾಲೆತ್ತರದ ಕಲ್ಲು. ಪ್ಯಾಸೆಂಜರ್ ಕಡೆ ಜೋಡಿ ಹಾಸಿಗೆಯಷ್ಟು ಅಗಲದ, ಓರೆಯಾದ ಹೆಬ್ಬಂಡೆ. ಸಣ್ಣ ಕಲ್ಲನ್ನು ಸವರಿಕೊಂಡೇ ಹೋಗಬೇಕು. ಆರ್ಲೀನ್ ಅದನ್ನಷ್ಟೇ ಕಂಡು ಬಲಗೈಯನ್ನು ಎದೆಗೆ ಅಡ್ಡ ತಂದು ಆಚೆಗೆ ದೂಡುವಂತೆ ಬೀಸಿದಳು. "ಪ್ಯಾಸೆಂಜರ್ ಕಡೆ!"

ಹಿಂದಿನಿಂದ ಲೈಲ್ ಬೆರಳು ಅಲ್ಲಾಡಿಸಿದ. ಜೀಪಿನ ಚಕ್ರ ಡ್ರೈವರ್ ಕಡೆ ತಿರುಗಿತು.

ಆರ್ಲೀನಳ ಕೈ ಗಾಳಿಯಲ್ಲೇ ನಿಂತಿತು. ಲೋಕದ ಅರ್ಧ ಕಳೆದಿರಬಹುದು, ಉಳಿದರ್ಧದಲ್ಲಿ ವೆಂಡಲ್‌ನ ಮುಂಚಕ್ರವಿತ್ತು. ಅದು ತನ್ನ ಮಾತು ಕೇಳದೆ ಹೋದದ್ದನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಗಂಡನ ಕಣ್ಣು ನೋಡಿದಳು. ಆ ಕಣ್ಣು ತನ್ನ ಭುಜದ ಮೇಲಿಂದ ಹಿಂದೆ ಎಲ್ಲಿಗೋ ಹೋಗುತ್ತಿತ್ತು. ಅವಳು ಬಲಕ್ಕೆ, ತನಗುಳಿದಿದ್ದ ಒಂದೇ ದಿಕ್ಕಿಗೆ, ಪೂರ್ತಿ ತಿರುಗಿದಳು.

ಲೈಲ್ ಎತ್ತಿದ ಬೆರಳಿನಿಂದ ನೊಣ ಓಡಿಸುವವನ ಹಾಗೆ ಮಾಡಿದ. ನೊಣವಿರಲಿಲ್ಲ.

"ಲೈಲ್" ಎಂದಳು ಆರ್ಲೀನ್. "ಇಬ್ರು ಕೈ ತೋರಿಸ್ಬಾರ್ದು ಅಂತ ನಿಂಗೆ ಕಲಿಸಿದ್ದು ಯಾರು?"

"ನೀನೇ."

"ಕೆಳಗಿನ ಎರಡು ಹಂತಾನೂ ನೀನೇ ತೋರಿಸಿದ್ದಾ?"

ಲೈಲ್ ತಲೆ ತಗ್ಗಿಸಿದ. ಹಾಸಿಗೆ ಮಾರುವಾಗ ನಿರಾಯಾಸವಾಗಿ ಬರುವ ಸುಳ್ಳುಗಳಲ್ಲಿ ಒಂದಾದರೂ ಈಗ ಬಾಯಿಗೆ ಬರಲಿಲ್ಲ.

"ಅದೇ ಅಂದ್ಕೊಂಡೆ" ಎಂದಳು ಅವಳು. "ಒಂದು ಗೀರೂ ಬೀಳಲಿಲ್ವಲ್ಲ ಅಂತ."

ಅವಳ ಕೈ ಕೆಳಗಿಳಿಯಿತು. ಎಂಜಿನ್ನು ಗುರುಗುಡುತ್ತಿತ್ತು. ಸಾಲಿನ ಹಿಂದೆ ಯಾರೋ ಹಾರ್ನ್ ಒತ್ತಿದರು. ಒತ್ತಿದವರ ತಾಯಿಯನ್ನೂ ಅಜ್ಜಿಯನ್ನೂ ಚೆಲೊ ಬೈಗುಳದಲ್ಲಿ ನೆನೆದಳು. ಆಗ ಜೀಪಿನಿಂದ ವೆಂಡಲ್‌ನ ದನಿ ಬಂತು.

"ಆರ್ಲೀನ್. ಕಾಯ್ತಾ ಇದೀನಿ."

"ಲೈಲ್ ತೋರಿಸ್ತಾನೆ, ಹೋಗು."

"ಲೈಲ್ ತನ್ ಜೀಪನ್ನೇ ಕಳ್ಳಿಗೆ ಹತ್ತಿಸ್ದೋನು. ನೀನು ಹೇಳು."

ಅವಳು ನಿಧಾನವಾಗಿ ತಿರುಗಿದಳು. ಹಳ್ಳವನ್ನು ನೋಡಿದಳು. ತನಗೆ ಕಾಣದ್ದು ಏನೋ ಅಲ್ಲಿದೆ ಎಂದು ಗೊತ್ತಾದ ಮೇಲೆ ಅದನ್ನು ಹುಡುಕಲು ಅವಳು ಪಟ್ಟ ಪಾಡನ್ನು ಲೈಲ್ ಪಕ್ಕದಿಂದ ಕಂಡ. ಕತ್ತು ನಡುಗುತ್ತಿತ್ತು, ಕಣ್ಣು ಎಡಕ್ಕೆ ಒಂದಿಷ್ಟು ಹೋಗಿ, ಗೋಡೆಗೆ ತಾಗಿದಂತೆ ಮತ್ತೆ ಬಲಕ್ಕೆ ಬರುತ್ತಿತ್ತು. ಮತ್ತೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಅವಳ ಬಲಗೈ ಎದೆಗೆ ಅಡ್ಡ ಬಂತು.

"ಪ್ಯಾಸೆಂಜರ್ ಕಡೆ" ಎಂದಳು. ದನಿ ಸಣ್ಣದಾಗಿತ್ತು.

"ಡ್ರೈವರ್ ಕಡೆ ಕಣೋ! ಡ್ರೈವರ್ ಕಡೆ!" ಲೈಲ್ ಎರಡೂ ಕೈ ಎತ್ತಿ ಕುಣಿದ.

ವೆಂಡಲ್ ಅವನನ್ನು ಒಮ್ಮೆ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಚಕ್ರ ಪ್ಯಾಸೆಂಜರ್ ಕಡೆ ತಿರುಗಿತು.

ಜೀಪು ಹೆಬ್ಬಂಡೆಯನ್ನು ಹತ್ತತೊಡಗಿತು. ಆ ಕಡೆಯ ಚಕ್ರ ಮೇಲೆ ಮೇಲೆ ಹೋಯಿತು. ವೆಂಡಲ್ ಬ್ರೇಕ್ ಒತ್ತಲಿಲ್ಲ. ಆರ್ಲೀನಳ ಕೈ "ಬಾ, ಬಾ" ಎನ್ನುತ್ತಲೇ ಇತ್ತು. ಒಂದು ಗಳಿಗೆ ಜೀಪು ಹಾಗೆಯೇ ವಾಲಿ ನಿಂತು, ದನ ಮಲಗುವ ಹಾಗೆ ಮೆಲ್ಲಗೆ, ಡ್ರೈವರ್ ಕಡೆಯ ಮಗ್ಗುಲಿಗೆ ಒರಗಿತು. ಮೇಣ ತಿಕ್ಕಿ ಉಳಿಸಿದ್ದ ಆ ಮಗ್ಗುಲೂ ಕಲ್ಲಿನ ಮೇಲೆ ಮಡಚಿಕೊಂಡಿತು. ಮುಂದಿನ ಆಕ್ಸಲ್ ಮುರಿದ ಸದ್ದು ಬಂತು. ರೇಡಿಯೇಟರಿನ ಹಸಿರು ನೀರು ಮರಳಿಗೆ ಇಳಿದು ಮಾಯವಾಯಿತು.

ಬೆಲ್ಟ್ ಬಿಚ್ಚಿಕೊಂಡು ವೆಂಡಲ್ ಜೀಪಿನ ಚೌಕಟ್ಟಿನ ಕಂಬಿಗಳ ನಡುವಿನಿಂದ ತೆವಳಿ ಹೊರಬಂದ. ಮೊಣಕೈ ತರಚಿದ್ದು ಬಿಟ್ಟರೆ ಅವನಿಗೇನೂ ಆಗಿರಲಿಲ್ಲ. ಜೀಪನ್ನು ಒಂದು ಸಲ ನೋಡಿ, ಇದು ರಿಪೇರಿಯಾಗುವುದಲ್ಲ ಎಂದು ಅರಿತವನ ಹಾಗೆ ಟೋಪಿ ಹುಡುಕತೊಡಗಿದ.

ಆರ್ಲೀನ್ ಇದ್ದಲ್ಲೇ ಇದ್ದಳು. "ಆ ಕಡೆ ಏನೋ ಇತ್ತು, ಅಲ್ವಾ ಲೈಲ್?"

"ಇತ್ತು."

"ದೊಡ್ಡದಾ?"

ಲೈಲ್ ಬೆಟ್ಟದ ಕಡೆ ನೋಡಿದ. ವೈದ್ಯರು ಕಿಟಕಿಯ ಹೊರಗೆ ನೋಡಿದ್ದು ಯಾಕೆಂದು ಅವನಿಗೆ ಗೊತ್ತಾಯಿತು. "ದೊಡ್ಡದೇ."

ಅವಳು ತಲೆಯಾಡಿಸಿದಳು. ಬಲಗೈಯ ಗವಸು ಕಳಚಿ, ಮರಳು ಕೊಡವಿ, ಪಕ್ಕದ ಕಲ್ಲಿನ ಮೇಲೆ ನೀಟಾಗಿ ಇಟ್ಟಳು. ಇನ್ನು ಬೇಡದ ವಸ್ತುವನ್ನು ಇಡುವ ಹಾಗೆ. ಎಡಗೈಯಲ್ಲಿ ಇನ್ನೊಂದು ಗವಸು ಹಾಗೆಯೇ ಇತ್ತು. ಚೆಲೊ ಬಂದು ಅವಳ ಹೆಗಲಿಗೆ ಕೈ ಹಾಕಿ ತನ್ನ ಗಾಡಿಯ ಕಡೆ ಕರೆದುಕೊಂಡು ಹೋಗುವಾಗಲೂ, ಆ ಕಿತ್ತಳೆ ಬಣ್ಣದ ಕೈ ಅವಳದಲ್ಲವೆಂಬಂತೆ ಪಕ್ಕದಲ್ಲಿ ಜೋಲುತ್ತಿತ್ತು. ಅವಳು ಹಿಂತಿರುಗಿ ನೋಡಲಿಲ್ಲ. ಮಾತೂ ಆಡಲಿಲ್ಲ. ಇನ್ನೂ ಶನಿವಾರವೇ ಆಗಿತ್ತು.

ವೆಂಡಲ್ ಕಲ್ಲಿನ ಮೇಲಿದ್ದ ಗವಸನ್ನು ಎತ್ತಿ ಜೇಬಿಗೆ ಇಟ್ಟುಕೊಂಡ. ಲೈಲನಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ, ಅಷ್ಟು ದೊಡ್ಡ ಬಂಡೆ! ಕಾಣಿಸ್ಲಿಲ್ವೇನೋ ನಿಂಗೆ?"

"ಕಾಣಿಸ್ತು" ಎಂದ ವೆಂಡಲ್. "ಅವಳು ಪ್ಯಾಸೆಂಜರ್ ಕಡೆ ಅಂದ್ಲು."