ವಾರಿಜಕ್ಕ ಮೀಯಿಸಿದ ಆಮೆಮರಿ

ವಾರಿಜಕ್ಕನ ಕೈಯಲ್ಲಿ ಮೀಯದ ಮಕ್ಕಳು ನಮ್ಮ ಸಿದ್ಧಕಟ್ಟೆಯಲ್ಲಿ ಇದ್ದರೆ ಅವರು ಮೊನ್ನೆ ಮೊನ್ನೆ ಬಂದು ಬಾಡಿಗೆಗೆ ಕೂತವರ ಮಕ್ಕಳೇ ಇರಬೇಕು. ಹೆರಿಗೆ ಬಂಟ್ವಾಳದಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಲಿಕ್ಕೆ ವಾರಿಜಕ್ಕನೇ ಬರಬೇಕು. ಮಣೆಯ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿ, ಮಗುವನ್ನು ಕಾಲ ಮೇಲೆ ಕವುಚಿ ಹಾಕಿದಳೆಂದರೆ ಅದು ಎಷ್ಟು ಕಿರುಚಿದರೂ ಅವಳಿಗೆ ಕೇಳುವುದಿಲ್ಲ. ನನ್ನ ಎರಡು ಮಕ್ಕಳೂ ಆ ಕಾಲಿನ ಮೇಲೆಯೇ ಕೂಗಿ ಕೂಗಿ ದೊಡ್ಡವರಾದದ್ದು.

ಅವಳಿಗೆ ಅದರ ಜಂಬ ಸ್ವಲ್ಪ ಅಲ್ಲ. ನಾನು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮಧ್ಯಾಹ್ನ ಅವಳು ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ರಸ್ತೆ ನೋಡುತ್ತಾಳೆ. ಬೈಕಿನಲ್ಲಿ ಯಾವನಾದರೂ ಹುಡುಗ ಹೋದರೆ, "ಅವನ ಮೂಗು ನೋಡು, ಅದು ನಾನು ಮಾಡಿದ್ದು" ಅನ್ನುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ ಕಂಡರೆ, "ಅದರ ತಲೆ ಹುಟ್ಟುವಾಗ ಸೋರೆಕಾಯಿಯ ಹಾಗೆ ಇತ್ತು, ಉರುಟು ನಾನು ಮಾಡಿದ್ದು." ಹೀಗೆ ಊರಿನ ಅರ್ಧ ಮುಖಗಳು ಅವಳು ಮಾಡಿದ್ದೇ. ಅದು ಮೂಳೆಯ ಕೆಲಸ, ನಿನ್ನದಲ್ಲ ಅಂತ ನಾನು ಎಷ್ಟೋ ಸಲ ಹೇಳಿದ್ದುಂಟು. ನನ್ನ ನಾಲಿಗೆ ಕತ್ತರಿಗಿಂತ ಹರಿತ ಅಂತ ನನ್ನ ಗಂಡನೇ ಹೇಳುತ್ತಾನೆ, ಆದರೂ ವಾರಿಜಕ್ಕನ ಮುಂದೆ ಅದು ಏನೂ ಕತ್ತರಿಸುವುದಿಲ್ಲ.

ಅವಳ ಪಕ್ಕದ ಮನೆ ಜುಲೈಕಾಳದ್ದು. ನಡುವೆ ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆ, ಅದರ ಮೇಲಿಂದಲೇ ಇಬ್ಬರ ಸಾರು, ಪಲ್ಯ, ಜಗಳ ಎಲ್ಲ ದಾಟುವುದು. ಜುಲೈಕಾಳ ಮಗಳು ಶಮ್ನಾ ಶಾರ್ಜಾದಲ್ಲಿ ಗಂಡನ ಜೊತೆ ಇದ್ದವಳು, ಎರಡನೆಯ ಬಸಿರಿಗೆ ಊರಿಗೆ ಬಂದಳು. ಬಂದವಳೇ ಮಂಗಳೂರಿನಿಂದ ಎರಡು ಆಮೆಮರಿಗಳನ್ನು ತಂದಳು. ನಮ್ಮ ನಕ್ಷತ್ರ ಆಮೆಯಲ್ಲ, ಅದನ್ನು ಸಾಕಿದರೆ ಕೇಸು. ಇದು ಆಫ್ರಿಕಾದ ಜಾತಿಯದ್ದು, ಹುಲ್ಲು ತಿಂದು ನೆಲದ ಮೇಲೆಯೇ ಬದುಕುವಂಥದ್ದು, ಕಾಗದಪತ್ರ ಸರಿ ಇತ್ತು. ಎರಡು ಮರಿಗಳನ್ನು ಒಟ್ಟಿಗೆ ಇಟ್ಟರೆ ಒಂದು ಇನ್ನೊಂದಕ್ಕೆ ಮೇಯಲಿಕ್ಕೆ ಬಿಡುವುದಿಲ್ಲವಂತೆ. ಹಾಗಾಗಿ ಒಂದನ್ನು ತಾಯಿಯ ಅಂಗಳದಲ್ಲಿಟ್ಟು ಇನ್ನೊಂದನ್ನು ವಾರಿಜಕ್ಕನ ಅಂಗೈಯಲ್ಲಿ ಇಟ್ಟಳು.

"ಚಂದ ಸಾಕು ಆಯ್ತಾ, ಮಕ್ಕಳನ್ನು ಸಾಕಿದ ಹಾಗೆ" ಅಂತ ಹೇಳಿದಳು. ವಾರಿಜಕ್ಕ ಅದನ್ನು ಹಾಗೆಯೇ ತೆಗೆದುಕೊಂಡಳು.

ಆಮೆಗೆ ಬಾಲೆ ಎಂದು ಹೆಸರಾಯಿತು. ತುಳುವಿನಲ್ಲಿ ಮಗು ಅಂದ ಹಾಗೆ. ಬಾಣಂತಿ ಕೋಣೆಗೆ ಗಾಳಿ ಬೆಳಕು ತಾಗಬಾರದು ಅಂತ ಅವಳ ನಿಯಮವಲ್ಲವೇ, ಬಾಲೆಗೂ ಅದೇ ನಿಯಮ. ಕಿಟಕಿ ಮುಚ್ಚಿದ ಒಳಕೋಣೆ, ಬುಟ್ಟಿಯಲ್ಲಿ ಹಳೆ ಸೀರೆಯ ಮೆತ್ತೆ. ಥಂಡಿ ಹಿಡಿಯುತ್ತದೆಂದು ಬುಟ್ಟಿಯನ್ನು ಆಗಾಗ ಒಲೆಯ ಬದಿಗೆ ತಂದಿಡುವುದು. ಬೆಳಿಗ್ಗೆ ಎದ್ದು ಚಿಪ್ಪಿಗೆ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿಸಿ, ಮಿಂದ ಮಕ್ಕಳ ನೆತ್ತಿಗೆ ಹಾಕುವ ಹಾಗೆ ಒಂದು ಚಿಟಿಕೆ ರಾಸ್ನಾದಿ ಪುಡಿಯನ್ನೂ ಹಾಕುತ್ತಿದ್ದಳು. ಆಮೆಗೆ ನೆತ್ತಿ ಎಲ್ಲುಂಟು ಅಂತ ನಾನು ಕೇಳಿದೆ. "ನಿನಗೆ ಗೊತ್ತಿಲ್ಲ, ಸುಮ್ಮನೆ ಕೂರು" ಅಂದಳು. ಊಟಕ್ಕೆ ಹಾಲು ಹಾಕಿ ಕಲಸಿದ ಮೆತ್ತಗಿನ ಗಂಜಿ, ಬೇಯಿಸಿದ ಮೊಟ್ಟೆ, ಭಾನುವಾರ ಮೀನಿನ ಚೂರು.

ಜುಲೈಕಾಳದ್ದು ಅಂಗಳದ ದಾಸವಾಳದ ಬುಡದಲ್ಲಿ ಬೆಳೆಯಿತು. ಸುತ್ತ ಬಲೆ, ಕಾಗೆಗೂ ಮುಂಗುಸಿಗೂ ಸಿಗಬಾರದೆಂದು ಮೇಲೆಯೂ ಬಲೆ. ಅದು ಹುಲ್ಲು, ದಾಸವಾಳದ ಎಲೆ, ಒಂದೆಲಗ ಜಗಿದು, ಬಿಸಿಲು ಬಂದರೆ ಬಿಸಿಲಿಗೆ, ಸಾಕಾದರೆ ಒದ್ದೆ ಮಣ್ಣಿನ ನೆರಳಿಗೆ ಹೋಗುತ್ತಿತ್ತು. ಕತ್ತಲಾದರೆ, ಜೋರು ಮಳೆ ಬಂದರೆ ಜುಲೈಕಾ ಅದನ್ನು ಎತ್ತಿ ಬಚ್ಚಲಿನಲ್ಲಿಡುತ್ತಿದ್ದಳು. ಹೆಚ್ಚಿನ ಆರೈಕೆ ಇಲ್ಲ, ಅವಳಿಗೆ ಬಸುರಿ ಮಗಳನ್ನು ನೋಡಿಕೊಳ್ಳುವುದರಲ್ಲೇ ಹೊತ್ತು ಸಾಲುತ್ತಿರಲಿಲ್ಲ.

"ಅಮ್ಮ ಇಲ್ಲದ ಮಗುವಿನ ಹಾಗೆ ಬಿಟ್ಟಿದ್ದೀಯಲ್ಲ ಮಾರಾಯ್ತಿ" ಎಂದು ವಾರಿಜಕ್ಕ ಗೋಡೆಯ ಮೇಲಿಂದ ಅವಳನ್ನು ಬಯ್ಯುತ್ತಿದ್ದಳು. ಬಯ್ಯಲಿಕ್ಕೆ ಕಾರಣವೂ ಇತ್ತು. ಬಾಲೆ ಬೇಗ ಬೇಗ ಬೆಳೆದು ಆ ಇನ್ನೊಂದರ ಎರಡರಷ್ಟು ತೂಕವಾಯಿತು. ಎಣ್ಣೆಯಿಂದ ಮಿರಿಮಿರಿ ಮಿಂಚುತ್ತಿತ್ತು. ಚಿಪ್ಪಿನ ಮೇಲೆ ಒಂದೊಂದು ಬಿಲ್ಲೆಯೂ ಮೊನೆಯಾಗಿ ಮೇಲಕ್ಕೆ ಏಳತೊಡಗಿದಾಗ ಅದನ್ನು ನನ್ನ ಅಂಗಡಿಗೇ ಹೊತ್ತು ತಂದಳು. "ನೋಡು, ಕಿರೀಟ ಇಟ್ಟ ಹಾಗೆ ಬರುತ್ತಾ ಉಂಟು. ಇದು ನಾನು ಮಾಡಿದ್ದು."

ಶಮ್ನಾಳಿಗೆ ಹೆಣ್ಣುಮಗು ಹುಟ್ಟಿತು. ಮೀಯಿಸಲಿಕ್ಕೆ ವಾರಿಜಕ್ಕನೇ. ನಲವತ್ತನೆಯ ದಿನದ ಸ್ನಾನಕ್ಕೆ ಜುಲೈಕಾ ನೆಂಟರನ್ನೆಲ್ಲ ಕರೆದಿದ್ದಳು, ನನ್ನನ್ನೂ ಕರೆದಿದ್ದಳು. ನೀರು ಕಾಯುವ ತನಕ ಯಾರೋ ಆಮೆಗಳ ಸುದ್ದಿ ತೆಗೆದರು. ವಾರಿಜಕ್ಕ ಕಾಯುತ್ತಿದ್ದದ್ದೇ ಅದಕ್ಕೆ. ಓಡಿ ಹೋಗಿ ಬಾಲೆಯನ್ನು ತಂದು ಜುಲೈಕಾಳ ಆಮೆಯ ಪಕ್ಕದಲ್ಲಿ ಜಗಲಿಯ ಮೇಲೆ ಬಿಟ್ಟಳು.

ಜುಲೈಕಾಳದ್ದು ಸಣ್ಣದು, ಧೂಳು ಹಿಡಿದದ್ದು. ಆದರೆ ಬೆನ್ನು ಮಡಕೆಯ ಹಾಗೆ ನುಣ್ಣಗೆ ಉರುಟು. ನಾಲ್ಕೂ ಕಾಲೂರಿ ಮೈಯನ್ನು ನೆಲದಿಂದ ಎತ್ತಿ ಟಕಟಕ ನಡೆದು ಒಂದು ಬಾಳೆಲೆಯ ಚೂರಿಗೆ ಬಾಯಿ ಹಾಕಿತು. ಬಾಲೆ ಏಳಲಿಲ್ಲ. ಹಿಂಗಾಲುಗಳು ಪಕ್ಕಕ್ಕೆ ಚಾಚಿ, ಒದ್ದೆ ಬಟ್ಟೆ ಎಳೆದ ಹಾಗೆ ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತಾ ಸ್ವಲ್ಪ ಸರಿದು ನಿಂತಿತು. ಶಮ್ನಾ ಬಗ್ಗಿ ಅದರ ಚಿಪ್ಪನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಚಿಪ್ಪು ಬೆರಳಿನ ಕೆಳಗೆ ತಗ್ಗಿತು.

"ಅಯ್ಯೋ, ಇದು ಮೆತ್ತಗೆ ಉಂಟಲ್ಲ ವಾರಿಜಕ್ಕ. ಹಣ್ಣಾದ ಪಪ್ಪಾಯದ ಹಾಗೆ" ಅಂದಳು.

ಎಲ್ಲರೂ ಆಮೆಯನ್ನು ನೋಡಿ, ಆಮೇಲೆ ವಾರಿಜಕ್ಕನ ಕೈಯನ್ನು ನೋಡಿದರು. ಆ ಕೈಯಲ್ಲಿ ಆಗಲೇ ಮಗುವಿಗೆಂದು ಎಣ್ಣೆ ಹಚ್ಚಿ ಆಗಿತ್ತು. ನೆಂಟರಲ್ಲಿ ಒಬ್ಬಳು ಮೆಲ್ಲ ಮಗುವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೇಕೆಂದು ಮಾಡಿದ್ದೋ ಇಲ್ಲವೋ, ವಾರಿಜಕ್ಕ ಅದನ್ನು ಕಂಡಳು. "ನನಗೆ ತಲೆ ತಿರುಗ್ತದೆ" ಎಂದು ಆಮೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದಳು. ಆ ದಿನ ಮಗುವನ್ನು ಜುಲೈಕಾಳೇ ಮೀಯಿಸಿದಳು.

ಮರುದಿನ ನಾನು ಹೋದಾಗ ಅವಳು ಬಾಗಿಲು ಹಾಕಿಕೊಂಡು ಬಾಲೆಗೆ ಇನ್ನೂ ಎಣ್ಣೆ ತಿಕ್ಕುತ್ತಿದ್ದಳು. ಡಾಕ್ಟ್ರಿಗೆ ತೋರಿಸುವ ಅಂದರೆ ಬೇಡ, ಜನ ನೋಡ್ತಾರೆ ಅಂದಳು. ನನಗೆ ಸಿಟ್ಟು ಬಂತು. "ಜನ ನೋಡಬಾರದು ಅಂತ ಅದು ಸಾಯಬೇಕಾ?" ಎಂದು ಕೇಳಿದೆ. ಅಷ್ಟು ಹೇಳಬಾರದಿತ್ತೇನೋ, ಆದರೆ ಹೇಳದಿದ್ದರೆ ಅವಳು ಏಳುತ್ತಿರಲಿಲ್ಲ.

ಮೂಡುಬಿದಿರೆಯ ಬಸ್ಸಿನಲ್ಲಿ ಅಲ್ಯುಮಿನಿಯಂ ಚಟ್ಟಿಯೊಳಗೆ ಆಮೆ, ಮೇಲೆ ಮೈ ಒರೆಸುವ ಬೈರಾಸು ಕಟ್ಟಿ ಮಡಿಲಲ್ಲಿಟ್ಟು ಕೂತಳು. ಕಂಡಕ್ಟರ್ ಏನಕ್ಕ ಅದು ಅಂತ ಕೇಳಿದ. ಹಲಸಿನ ಹಣ್ಣು ಅಂದಳು. ಒಳಗಿನಿಂದ ಪರಪರ ಪರಚುವ ಸದ್ದು. "ಭಾರೀ ಜೋರಿನ ಹಣ್ಣು ಮಾರಾಯ್ತಿ" ಎಂದು ಅವನು ನಕ್ಕ. ನನಗೂ ನಗು ಬಂತು, ಅವಳಿಗೆ ಬರಲಿಲ್ಲ.

ಪಶುವೈದ್ಯೆ ವಾಗ್ದೇವಿ ಇನ್ನೂ ಚಿಕ್ಕ ಹುಡುಗಿ, ನಿಧಾನ ಮಾತು. ಆಮೆಯನ್ನು ಮಗುಚಿ ನೋಡಿ, ಹೊಟ್ಟೆಯ ಚಿಪ್ಪು ಒತ್ತಿ, ಬಾಯಿ ತೆರೆಸಿ ನೋಡಿದಳು. ಎಲ್ಲಿ ಇಟ್ಟದ್ದು, ಏನು ಹಾಕಿದ್ದು ಎಂದು ಕೇಳಿದ್ದಕ್ಕೆ ಯಾರ ಹೆಸರೂ ಎತ್ತದೆ ನಾನೇ ಹೇಳಿದೆ. ಮುಖ ಗಂಟಾಯಿತು.

"ಇದನ್ನು ಬಿಸಿಲಿಗೇ ಬಿಟ್ಟಿಲ್ಲವಲ್ಲ? ಬಿಸಿಲಿಲ್ಲದೆ ಇದರ ಮೂಳೆ ಗಟ್ಟಿಯಾಗುವುದಿಲ್ಲ. ಗಂಜಿ, ಮೊಟ್ಟೆ ಹಾಕಿ ಬೆಳೆಸಿದ್ದಾರೆ, ಮೈ ಓಡಿದೆ, ಮೂಳೆ ಹಿಂದೆ ಉಳಿದಿದೆ. ಒಲೆಯ ಹತ್ತಿರ ಒಣಗಿ ಒಣಗಿ ಚಿಪ್ಪು ಹೀಗೆ ಗುಡ್ಡೆ ಎದ್ದಿದೆ. ಬೆಚ್ಚನೆ ನೀರಲ್ಲಿ ಕೂರಿಸಿದ್ದು ಒಂದೇ ಸರಿ. ಮತ್ತೆ ಈ ಎಣ್ಣೆ? ಯಾರು ಈ ಬುದ್ಧಿವಂತರು?"

ನಾನು ವಾರಿಜಕ್ಕನನ್ನು ನೋಡಿದೆ. ಅವಳು ಗೋಡೆ ನೋಡುತ್ತಾ ಹೇಳಿದಳು, "ಇದು ನನ್ನದಲ್ಲ ಡಾಕ್ಟ್ರೆ. ಪಕ್ಕದ ಮನೆ ಜುಲೈಕಾಳದ್ದು. ಪಾಪ, ಅವಳಿಗೆ ಗೊತ್ತಿರಲಿಲ್ಲ."

ನನ್ನ ಹರಿತ ನಾಲಿಗೆಗೆ ಆ ಹೊತ್ತಿಗೆ ಏನಾಯಿತೋ! ಇಷ್ಟು ವರ್ಷ ನಾನು ಅಕ್ಕ ಅಕ್ಕ ಅಂತ ಕರೆದವಳು ಹೀಗೆ ಸುಳ್ಳು ಹೇಳಿದ್ದು ಕೇಳಿ ನನಗೇ ನಾಚಿಕೆಯಾಗಿ ನೆಲ ನೋಡಿದೆ. ಡಾಕ್ಟರು ಔಷಧಿ ಕೊಟ್ಟು, ಹಗಲು ಹೊರಗೆ ಬಿಡಬೇಕು, ಬೆಳಗಿನ ಬಿಸಿಲು, ಹುಲ್ಲು, ಒದ್ದೆ ನೆರಳು ಬೇಕು ಎಂದಳು. ಇನ್ನು ಬರುವ ಚಿಪ್ಪು ನುಣ್ಣಗೆ ಬರಬಹುದು, ಈಗ ಎದ್ದ ಗುಡ್ಡೆಗಳು ಮಾತ್ರ ಅದು ಇರುವ ತನಕ ಹೋಗುವುದಿಲ್ಲ ಎಂದೂ ಹೇಳಿದಳು. ಕೊನೆಗೆ, "ಗುರುವಾರ ದನಗಳ ಲಸಿಕೆಗೆ ನಿಮ್ಮಲ್ಲಿಗೆ ಬರ್ತೇನೆ. ಆ ಜುಲೈಕಾರಿಗೆ ನಾನೇ ಹೇಳ್ತೇನೆ" ಅಂದಳು.

ಬಸ್ಸಿನಲ್ಲಿ ನಾನು ಬಾಯಿ ಬಿಟ್ಟೆ. ಗುರುವಾರದ ಒಳಗೆ ಜುಲೈಕಾಳಿಗೆ ಹೇಳು ಅಂದೆ. ಹೇಳ್ತೇನೆ ಅಂದಳು. ಗೋಡೆಯ ತನಕ ಹೋಗುವುದು, ಸುಮ್ಮನೆ ಹಿಂದೆ ಬರುವುದು, ಇದೇ ಆಯಿತು. ಈ ಕೈ ಕೆಟ್ಟದು ಅಂತ ಊರಿಗೆ ಗೊತ್ತಾದರೆ ನನ್ನನ್ನು ಯಾರು ಕರೀತಾರೆ ಎಂದು ಅತ್ತಳು.

ಗುರುವಾರ ಡಾಕ್ಟರು ನೇರ ಜುಲೈಕಾಳ ಅಂಗಳಕ್ಕೆ ಬಂದಳು. ದನ ಹಿಡಿದುಕೊಂಡ ಅಕ್ಕಪಕ್ಕದವರೆಲ್ಲ ಅಲ್ಲೇ. ವಾರಿಜಕ್ಕ ಗೋಡೆಯ ಆಚೆ ಬಾಲೆಯನ್ನು ಎತ್ತಿಕೊಂಡು ನಿಂತಿದ್ದಳು. "ನಿಮ್ಮ ಆಮೆಯನ್ನು ಇವರು ತಂದು ತೋರಿಸಿದ್ದಕ್ಕೆ ಉಳಿಯಿತು. ಕತ್ತಲೆಯಲ್ಲಿಟ್ಟು ಎಣ್ಣೆ ತಿಕ್ಕಲಿಕ್ಕೆ ನಿಮಗೆ ಯಾರು ಹೇಳಿದ್ದಮ್ಮ?" ಎಂದು ಡಾಕ್ಟರು ಕೇಳಿದಳು.

ಜುಲೈಕಾಳಿಗೆ ಮೊದಲು ಅರ್ಥವಾಗಲಿಲ್ಲ. ವಾರಿಜಕ್ಕನ ಮುಖ ನೋಡಿದಳು, ಅರ್ಥವಾಯಿತು. ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, "ಹೌದು ಡಾಕ್ಟ್ರೆ, ತಪ್ಪಾಯ್ತು. ಇನ್ನು ಅಂಗಳದಲ್ಲೇ ಬಿಡ್ತೇನೆ" ಅಂದಳು. ಗೋಡೆಯ ಹತ್ತಿರ ಬಂದು ಎರಡೂ ಕೈ ಚಾಚಿದಳು. ವಾರಿಜಕ್ಕ ಬಾಲೆಯನ್ನು ಕೊಟ್ಟಳು. ಸುಳ್ಳು ಹೇಳಿದ್ದಕ್ಕಿಂತ ಆ ದಿನ ಸುಮ್ಮನೆ ನಿಂತದ್ದಕ್ಕೇ ನನಗೆ ಅವಳ ಮೇಲೆ ಹೆಚ್ಚು ಸಿಟ್ಟು.

ಹಾಗೆ ಬಾಲೆ ಜುಲೈಕಾಳದ್ದೇ ಆಯಿತು. ದಾಸವಾಳದ ಬುಡದಲ್ಲಿ ಅದಕ್ಕೆ ಬೇರೆಯೇ ಒಂದು ಬಲೆ ಕಟ್ಟಿದಳು. ಶಮ್ನಾ ಶಾರ್ಜಾಕ್ಕೆ ಹೋದಳು, ಮಳೆಗಾಲ ಕಳೆಯಿತು. ವಾರಿಜಕ್ಕ ಗೋಡೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಸಾರು ಪಲ್ಯ ದಾಟುವುದು ನಿಂತಿತು. ನನ್ನ ಅಂಗಡಿಯ ಬೆಂಚಿನಲ್ಲಿ ಕೂತರೂ ಹೋಗಿ ಬರುವವರ ಮೂಗಿನ ಸುದ್ದಿ ಇಲ್ಲ. ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡು ಕೂರುವ ಅಭ್ಯಾಸವಾಯಿತು. ಯಾರಾದರೂ ಬಂದು ಆಮೆಯ ಬೆನ್ನು ಯಾಕೆ ಹೀಗೆ ಅಂತ ಕೇಳಿದರೆ ಜುಲೈಕಾ ಒಂದು ದಿನ ತನ್ನದೇ ತಪ್ಪು ಅನ್ನುತ್ತಿದ್ದಳು, ಇನ್ನೊಂದು ದಿನ ಅದು ಹುಟ್ಟಿದ್ದೇ ಹಾಗೆ ಅನ್ನುತ್ತಿದ್ದಳು. ಅದೆಲ್ಲ ಗೋಡೆಯ ಈಚೆ ವಾರಿಜಕ್ಕನಿಗೆ ಕೇಳುತ್ತಿತ್ತು.

ಮೊನ್ನೆ ವಾಮದಪದವಿನಿಂದ ನವ್ಯಾ ಎಂಬ ತುಂಬು ಬಸುರಿಯನ್ನು ಕರೆದುಕೊಂಡು ಅವಳ ಅತ್ತೆ ವಾರಿಜಕ್ಕನನ್ನು ಗೊತ್ತು ಮಾಡಲಿಕ್ಕೆ ಬಂದಳು. ಅಂಗಡಿಯಿಂದ ದಾರಿ ತೋರಿಸಲು ನಾನೇ ಹೋದೆ. ತಿಂಗಳುಗಟ್ಟಲೆ ಕರೆಯೇ ಇಲ್ಲದ ವಾರಿಜಕ್ಕ ಅಂಗಳಕ್ಕೆ ಇಳಿದು ಬಂದಳು. ಅಷ್ಟರಲ್ಲಿ ನವ್ಯಾ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಬಾಲೆ ಬಿಸಿಲಿನಲ್ಲಿ ನಡೆಯುತ್ತಿತ್ತು. ಹೊಟ್ಟೆ ನೆಲದಿಂದ ಎದ್ದಿತ್ತು. ಒಂದೊಂದು ಬಿಲ್ಲೆಯ ಸುತ್ತಲೂ ಹೊಸ ಚಿಪ್ಪು ಚಪ್ಪಟೆಯಾಗಿ ನುಣ್ಣಗೆ ಬಂದಿತ್ತು, ನಡುವೆ ಹಳೆಯ ಗುಡ್ಡೆಗಳು ಹಾಗೆಯೇ ನಿಂತಿದ್ದವು.

"ಇದರ ಬೆನ್ನು ಯಾಕೆ ಹೀಗುಂಟು?" ಎಂದು ನವ್ಯಾ ಕೇಳಿದಳು.

"ಅದು ಹುಟ್ಟಿದ್ದೇ ಹಾಗೆ" ಎಂದಳು ಜುಲೈಕಾ, ಬಟ್ಟೆ ಒಣಗಿಸುತ್ತಾ.

"ಅಲ್ಲ" ಅಂದಳು ವಾರಿಜಕ್ಕ. ಗೋಡೆಯ ಹತ್ತಿರ ಬಂದು ಇನ್ನೊಮ್ಮೆ ಹೇಳಿದಳು. "ಅಲ್ಲ. ಹುಟ್ಟುವಾಗ ಚಂದ ಇತ್ತು. ಕತ್ತಲೆಕೋಣೆಯಲ್ಲಿಟ್ಟು ಎಣ್ಣೆ ತಿಕ್ಕಿ ಹಾಳು ಮಾಡಿದವಳು ನಾನು. ಡಾಕ್ಟ್ರ ಹತ್ತಿರ ಇವಳ ಹೆಸರು ಹೇಳಿದವಳೂ ನಾನೇ. ಆ ಬೆನ್ನು ನಾನು ಮಾಡಿದ್ದು."

ನವ್ಯಾಳ ಅತ್ತೆ ಸೊಸೆಯ ರಟ್ಟೆ ಹಿಡಿದು, ಫೋನ್ ಮಾಡ್ತೇವೆ ಎಂದು ಹೊರಟಳು. ಇವತ್ತಿನ ತನಕ ಮಾಡಲಿಲ್ಲ, ಮಾಡುವ ಹಾಗೂ ಇಲ್ಲ.

"ಯಾಕೆ ಹೇಳಿದ್ದು ಮಾರಾಯ್ತಿ? ನಾನು ಹೇಳ್ತಿದ್ದೆನಲ್ಲ" ಎಂದು ಜುಲೈಕಾ ಬಯ್ದಳು.

"ನೀನು ಎಷ್ಟು ಸಲ ಹೇಳುವುದು, ನಾನು ಎಷ್ಟು ಸಲ ಕೇಳುವುದು" ಅಂದಳು ವಾರಿಜಕ್ಕ. ನಿಂತಲ್ಲಿಯೇ ಅಳುತ್ತಿದ್ದಳು.

ಜುಲೈಕಾ ಬಕೆಟ್ ಕೆಳಗಿಟ್ಟಳು. "ಈಚೆ ಬಾ. ಅದನ್ನು ನೀರಲ್ಲಿ ಕೂರಿಸುವ ಹೊತ್ತಾಯ್ತು. ನನಗೆ ಸೊಂಟ ನೋವು, ಬಗ್ಗಲಿಕ್ಕಾಗುವುದಿಲ್ಲ."

ವಾರಿಜಕ್ಕ ಹೋದಳು. ಅಂಗಳದ ಬಿಸಿಲಿನಲ್ಲೇ ಮಣೆ ಹಾಕಿ ಕೂತು, ಹಳೆ ಅಭ್ಯಾಸದಂತೆ ಕಾಲು ಚಾಚಿದಳು. ಬೆಚ್ಚನೆ ನೀರಿನ ಚಟ್ಟಿಯಲ್ಲಿ ಬಾಲೆಯನ್ನು ಇಳಿಸಿದಳು. ಕೈ ತಾನಾಗಿ ಬಲಕ್ಕೆ, ಎಣ್ಣೆಯ ತಟ್ಟೆ ಇರುವ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಹಿಂದೆ ತಂದು ಮಡಿಲಲ್ಲಿಟ್ಟುಕೊಂಡು, ಅದು ನೀರು ಕುಡಿಯುವುದನ್ನು ಸುಮ್ಮನೆ ನೋಡುತ್ತಾ ಕೂತಳು.